ಹೊಲದ ದಾರಿ ಮುಚ್ಚೋ ಮುಂಚೆ ನಕಾಶೆ ನೋಡಿ: ಬಂಡಿದಾರಿ, ಕೆರೆ ಅಂಚು, ಗುಂಡುತೋಪು ಉಳಿಸಿಕೊಳ್ಳೋದು ಹೇಗೆ?

ಬಸವಾಪಟ್ಟಣ ಹೋಬಳಿಯಲ್ಲಿ ಭತ್ತದ ಗದ್ದೆ ಅಡಿಕೆ ತೋಟ ಆಗ್ತಿರೋದು ಎಲ್ಲರ ಕಣ್ಣಿಗೂ ಕಾಣ್ತಿದೆ. ಚನ್ನಗಿರಿ ತಾಲ್ಲೂಕು ಅಂದ್ರೆ ಈಗ ಅಡಿಕೆ ಅನ್ನೋ ಹಾಗಾಗಿದೆ. ರೇಟು, ರೋಗ, ನೀರು, ಡ್ರಿಪ್ ಸಬ್ಸಿಡಿ ಬಗ್ಗೆ ದಿನವೂ ಮಾತು ನಡೆಯುತ್ತೆ. ಆದರೆ ಈ ಬದಲಾವಣೆಯಲ್ಲಿ ಸದ್ದಿಲ್ಲದೆ ಕಾಣೆಯಾಗ್ತಿರೋ ಒಂದು ವಸ್ತು ಇದೆ. ಅದು ಹೊಲಕ್ಕೆ ಹೋಗೋ ದಾರಿ.

ಗದ್ದೆ ಇದ್ದಾಗ ದಾರಿ ದೊಡ್ಡ ವಿಷಯ ಆಗಿರಲಿಲ್ಲ. ಬೆಳೆ ಇರೋ ತನಕ ಬದುವಿನ ಮೇಲೆ ನಡೆದು ಹೋಗ್ತಿದ್ರು, ಕೊಯ್ಲು ಮುಗಿದ ಮೇಲೆ ಯಾರ ಗದ್ದೆಯಲ್ಲಾದರೂ ಗಾಡಿ ಇಳಿಸ್ತಿದ್ರು. ವರ್ಷಕ್ಕೆ ಒಂದೆರಡು ತಿಂಗಳು ಊರಿನ ಬಯಲೆಲ್ಲ ದಾರಿಯೇ. ಅಡಿಕೆ ಹಾಗಲ್ಲ. ಸಸಿ ನೆಟ್ಟ ವರ್ಷವೇ ಬೇಲಿ ಬರುತ್ತೆ, ಬಸಿಗಾಲುವೆ ಹೊಡೀತಾರೆ, ಪೈಪ್ ಎಳೀತಾರೆ. ಆ ತೋಟ ಮುಂದಿನ ಮೂವತ್ತು ನಲವತ್ತು ವರ್ಷ ಖಾಲಿ ಆಗೋದಿಲ್ಲ. ಮುಂದಿನ ಜಮೀನಿನವನು ಹಿಂದಿನ ಜಮೀನಿನವನಿಗೆ ಬೇಕು ಅಂತ ದ್ವೇಷದಿಂದ ದಾರಿ ಮುಚ್ಚಿರೋದು ಕಡಿಮೆ. ಸಾಲು ಲೆಕ್ಕ ಹಾಕುವಾಗ ಬದುವಿನವರೆಗೂ ಸಸಿ ಬಂತು, ಅಷ್ಟೇ.

ಅದರ ಪೆಟ್ಟು ಬೀಳೋದು ಹಿಂದಿನವನಿಗೆ. ಗೊಬ್ಬರದ ಟ್ರ್ಯಾಕ್ಟರ್ ರಸ್ತೆಯಲ್ಲೇ ನಿಲ್ಲುತ್ತೆ, ಅಲ್ಲಿಂದ ತಲೆಹೊರೆ. ಗೊನೆ ಕೊಯ್ದರೆ ಹೊರೋಕೆ ಬೇರೆ ಆಳು. ಖೇಣಿದಾರ ಬಂದರೂ ತೋಟ ನೋಡೋ ಮುಂಚೆ ದಾರಿ ನೋಡ್ತಾನೆ, ಹೊರಿಕೆ ಖರ್ಚು ಕಳೆದೇ ರೇಟು ಹೇಳ್ತಾನೆ. ಭತ್ತವನ್ನೇ ಉಳಿಸಿಕೊಂಡವರ ಪಾಡು ಇನ್ನೂ ಕಷ್ಟ. ಸುತ್ತ ತೋಟ ಎದ್ದಿದ್ದರೆ ಕಟಾವು ಮಿಷಿನ್ ಗದ್ದೆಗೆ ಇಳಿಯೋಕೆ ಜಾಗವೇ ಇಲ್ಲ. ಕೊನೆಗೆ ಆ ಗದ್ದೆಯೂ ಅಡಿಕೆ ಆಗುತ್ತೆ, ಇಲ್ಲ ಅಂದ್ರೆ ಪಕ್ಕದವನಿಗೇ ಕಡಿಮೆ ದುಡ್ಡಿಗೆ ಮಾರಾಟ ಆಗುತ್ತೆ.

ಹಾಗಾಗಿ ಈ ವಾರ ಬೆಳೆ ಬಿಟ್ಟು ದಾರಿಯ ಬಗ್ಗೆ. ಜೊತೆಗೆ ಊರಿನ ಹಸಿರು ಪಟ್ಟಿ, ಅಂದ್ರೆ ಕೆರೆ ಅಂಚು, ಹಳ್ಳದ ದಂಡೆ, ಗೋಮಾಳ, ಗುಂಡುತೋಪಿನ ಬಗ್ಗೆ. ಇವೆರಡೂ ಬೇರೆ ಬೇರೆ ವಿಷಯ ಅನ್ನಿಸಬಹುದು. ಆದರೆ ಎರಡೂ ಇರೋದು ಒಂದೇ ಕಾಗದದಲ್ಲಿ, ಎರಡೂ ಹೋಗೋದು ಒಂದೇ ರೀತಿಯಲ್ಲಿ.

ಮೊದಲು ಮೊಬೈಲ್ ತೆಗೀರಿ

ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಗ್ರಾಮ ನಕಾಶೆ ಇದೆ. ಸರ್ವೆ ನಂಬರುಗಳ ಗಡಿ ಜೊತೆ ಅದರಲ್ಲಿ ಕೆರೆ, ಹಳ್ಳ, ದೇವಸ್ಥಾನ, ದಾರಿ ಎಲ್ಲ ಗುರುತು ಮಾಡಿರ್ತಾರೆ. ಚುಕ್ಕೆ ಗೆರೆ ಒಂದೇ ಎಳೆ ಇದ್ದರೆ ಕಾಲುದಾರಿ, ಜೋಡಿ ಎಳೆ ಇದ್ದರೆ ಬಂಡಿದಾರಿ. ಕಚೇರಿ ಭಾಷೆಯಲ್ಲಿ ಇದಕ್ಕೆ 'ನಕಾಶೆ ಕಂಡ ದಾರಿ' ಅಂತಾರೆ. ಈ ಮೂರು ಪದ ನೆನಪಿಟ್ಟುಕೊಳ್ಳಿ, ನಾಡಕಚೇರಿಯಲ್ಲಿ ಮಾತು ಶುರು ಆಗೋದೇ ಇಲ್ಲಿಂದ.

ಈ ನಕಾಶೆಗೆ ತಾಲ್ಲೂಕು ಕಚೇರಿ ಸುತ್ತಬೇಕಿಲ್ಲ. ಭೂದಾಖಲೆಗಳ ಇಲಾಖೆಯ ವೆಬ್‌ಸೈಟ್‌ನಲ್ಲಿ 'ಕಂದಾಯ ನಕ್ಷೆಗಳು' ಅನ್ನೋ ಕಡೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಪಿಡಿಎಫ್ ಸಿಗುತ್ತೆ. ಇನ್ನೊಂದು 'ದಿಶಾಂಕ್' ಆ್ಯಪ್. ಲೊಕೇಶನ್ ಆನ್ ಮಾಡಿಕೊಂಡು ಹೊಲದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ತೋರಿಸುತ್ತೆ. ಮುಚ್ಚಿಹೋಗಿರೋ ದಾರಿ ಎಲ್ಲಿ ಹಾಯ್ದಿತ್ತು ಅನ್ನೋದರ ಅಂದಾಜು ಅರ್ಧ ಗಂಟೆಯಲ್ಲಿ ಸಿಗುತ್ತೆ. ಒಂದು ಎಚ್ಚರ: ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೆ ಈಚೆ ತೋರಿಸುತ್ತೆ. ಅದನ್ನೇ ಹಿಡ್ಕೊಂಡು ಪಕ್ಕದವರ ಬೇಲಿ ಕೀಳೋಕೆ ಹೋಗಬೇಡಿ. ಅದು ನಿಮ್ಮ ತಿಳಿವಳಿಕೆಗೆ ಮಾತ್ರ. ಸಾಕ್ಷಿ ಬೇಕು ಅಂದ್ರೆ ಮೋಜಿಣಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇಯರ್ ಬಂದು ಅಳತೆ ಮಾಡಿ ನಕ್ಷೆ ಕೊಡಬೇಕು.

ಆಮೇಲೆ ಪಹಣಿ ನೋಡಿ. ನಮ್ಮ ಹುಡುಗರು ಪಹಣಿಯಲ್ಲಿ ಹೆಸರು, ಎಕರೆ, ಸಾಲ ಈ ಮೂರೇ ನೋಡೋದು. 3ನೇ ಕಾಲಂ ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು 'ಅ' ಮತ್ತು 'ಬ' ಅಂತ ಎರಡು ಸಾಲು ಇರುತ್ತೆ. 'ಅ' ಖರಾಬು ಅಂದ್ರೆ ಕೃಷಿಗೆ ಬರದ ಕಲ್ಲು, ಗುಂಡಿ ಇತ್ಯಾದಿ. 'ಬ' ಖರಾಬು ಅಂದ್ರೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಾಗ: ದಾರಿ, ಹಳ್ಳ, ಕೆರೆ, ಸ್ಮಶಾನ. ಕರ್ನಾಟಕ ಭೂಕಂದಾಯ ನಿಯಮ 1966ರ 21(2)ರಲ್ಲಿ ಈ ವಿಂಗಡಣೆ ಇದೆ. ಒಬ್ಬರ ಸರ್ವೆ ನಂಬರಿನಲ್ಲಿ 3 ಗುಂಟೆ 'ಬ' ಖರಾಬು ಇದೆ, ಆದರೆ ನೆಲದ ಮೇಲೆ ದಾರಿಯೂ ಇಲ್ಲ ಹಳ್ಳವೂ ಇಲ್ಲ ಅಂದ್ರೆ, ಆ 3 ಗುಂಟೆ ಎಲ್ಲಿ ಹೋಯ್ತು ಅಂತ ಕೇಳೋ ಹಕ್ಕು ಊರಿಗಿದೆ.

ನಕಾಶೆಯಲ್ಲಿ ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು

ನಕಾಶೆ ಕಂಡ ದಾರಿ ಯಾರ ಸ್ವಂತದ್ದೂ ಅಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಕಲಂ 67ರ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಅದನ್ನು ಉತ್ತು ಸಾಗುವಳಿ ಮಾಡಿದರೆ ಒತ್ತುವರಿ. 2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆ ಹೊರಡಿಸಿ, ರೈತರು ತಮ್ಮ ಜಮೀನಿಗೆ ಓಡಾಡುವ ದಾರಿಗೆ ಅಡ್ಡಿ ಮಾಡಿದ್ದರೆ ತೆರವು ಮಾಡಿಸಿ ಅಂತ ಹೇಳಿತು. ತಹಶೀಲ್ದಾರರು ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ಜಮೀನು ಅಥವಾ ನೀರಿನ ಬಳಕೆಯ ಹಕ್ಕಿನ ಜಗಳದಲ್ಲಿ ಆದೇಶ ಮಾಡೋ ಅಧಿಕಾರ ಅವರಿಗೆ ಹಿಂದೆ ಸಿಆರ್‌ಪಿಸಿ ಕಲಂ 147ರಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಕಲಂ 166. ಅರ್ಜಿಯಲ್ಲಿ ಹಳೇ ನಂಬರ್ ಬರೆದರೆ ಯಾರೂ ಗಲ್ಲಿಗೇರಿಸಲ್ಲ, ಆದರೂ ಹೊಸದನ್ನೇ ಬರೀರಿ. ಅರ್ಜಿ ಜೊತೆ ಗ್ರಾಮ ನಕಾಶೆ, ಎರಡೂ ಕಡೆಯ ಪಹಣಿ, ದಾರಿ ಮುಚ್ಚಿರೋ ಫೋಟೊ ಇರಲಿ. ಒಬ್ಬರೇ ಕೊಡೋದಕ್ಕಿಂತ ಆ ದಾರಿ ಬಳಸೋ ಎಲ್ಲರೂ ಸಹಿ ಹಾಕಿದರೆ ತೂಕ ಬೇರೆ.

ನಕಾಶೆಯಲ್ಲಿ ಇಲ್ಲದ, ರೂಢಿಯಿಂದ ಬಂದ ದಾರಿ ಇದ್ದರೆ? ಇಲ್ಲಿಗೆ ಬರೋದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ. ಬ್ರಿಟಿಷರ ಕಾಲದ ಕಾಯ್ದೆ ಇವತ್ತಿಗೂ ನಮ್ಮ ಬದುವಿನ ಜಗಳ ಬಗೆಹರಿಸ್ತಿದೆ. ಅದರಲ್ಲಿ ರೈತರಿಗೆ ಮುಖ್ಯವಾದ್ದು ಎರಡು ಕಲಂ.

ಕಲಂ 13 ಅವಶ್ಯಕತೆಯ ಹಕ್ಕು. ಒಂದೇ ಜಮೀನು ಭಾಗ ಆಗಿಯೋ ಮಾರಾಟ ಆಗಿಯೋ ಎರಡಾದಾಗ, ಹಿಂದಿನ ತುಂಡಿಗೆ ಬೇರೆ ದಾರಿಯೇ ಇಲ್ಲ ಅಂದ್ರೆ ಮುಂದಿನ ತುಂಡಿನಲ್ಲಿ ಹಾಯೋ ಹಕ್ಕು ತಾನಾಗೇ ಹುಟ್ಟುತ್ತೆ. ಅಣ್ಣತಮ್ಮಂದಿರ ಪಾಲಿನಲ್ಲಿ ಇದು ಬಹಳ ಬರುತ್ತೆ. ಆದರೆ ಎರಡೂ ಜಮೀನು ಹಿಂದೆ ಒಂದೇ ಆಗಿರಬೇಕು. ಪಕ್ಕದ ಜಮೀನು ಯಾವತ್ತೂ ಬೇರೆಯವರದ್ದೇ ಆಗಿದ್ದರೆ ಇದು ನಡೆಯಲ್ಲ. ಹಾಗೇ ಮುಂದೆ ಇನ್ನೊಂದು ಕಡೆಯಿಂದ ದಾರಿ ಸಿಕ್ಕರೆ ಈ ಹಕ್ಕು ಅಲ್ಲಿಗೆ ಮುಗೀತು.

ಕಲಂ 15 ದೀರ್ಘಕಾಲದ ಬಳಕೆಯ ಹಕ್ಕು. 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ್ದರೆ ಆ ದಾರಿ ನಿಮಗೆ ಸಿಗುತ್ತೆ. ಸರ್ಕಾರಿ ಜಾಗ ಆದರೆ 30 ವರ್ಷ. ಇಲ್ಲಿ 'ಹಕ್ಕಿನಿಂದ' ಅನ್ನೋ ಪದದಲ್ಲೇ ಎಡವೋದು. ನಮ್ಮ ಕಡೆ ರೀತಿ ಏನು? "ಅಣ್ಣಾ, ನಿಮ್ಮ ಬದಿ ಹಿಡ್ಕೊಂಡು ಹೋಗ್ತೀನಿ" ಅಂತ ಕೇಳಿಯೇ ಹೋಗ್ತೀವಿ. "ಹೋಗಪ್ಪ, ಅದಕ್ಕೇನು" ಅಂತಾರೆ. ಕಾನೂನಿನ ಕಣ್ಣಿಗೆ ಇದು ಅನುಮತಿ, ಹಕ್ಕಲ್ಲ. ಅನುಮತಿ ಕೊಟ್ಟವರು ವಾಪಸ್ ತಗೋಬಹುದು, ಅವರ ಮಗ ಬಂದು ಬೇಲಿ ಹಾಕಬಹುದು. ಮರ್ಯಾದೆಯಿಂದ ಕೇಳಿ ಹೋದವನಿಗೆ ಹಕ್ಕು ಸಿಗಲ್ಲ, ಕೇಳದೆ ಹೋದವನಿಗೆ ಸಿಗುತ್ತೆ! ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ, ಆದರೆ ಇರೋದು ಹೀಗೆ. ಕೇಳೋದು ಬಿಡಿ ಅಂತ ಹೇಳ್ತಿಲ್ಲ. ಕೇಳಿ, ಆದರೆ ಅವರು ಒಪ್ಪಿದ ದಿನವೇ ಬರೆಸಿಕೊಳ್ಳಿ.

ಇನ್ನೊಂದು ವಿಷಯ, ಇದರಲ್ಲಿ ತಡ ಮಾಡಿ ಕೆಟ್ಟವರು ಬಹಳ. ದಾರಿ ಮುಚ್ಚಿದ್ದು ಗೊತ್ತಾದ ಮೇಲೂ ಒಂದು ವರ್ಷ ಸುಮ್ಮನಿದ್ದರೆ ನಿಮ್ಮ ಬಳಕೆಗೆ ತಡೆ ಬಿತ್ತು ಅಂತ ಲೆಕ್ಕ. 20 ವರ್ಷದ ಅವಧಿ ಕೇಸು ಹಾಕೋಕೆ ಹಿಂದಿನ 2 ವರ್ಷದೊಳಗೆ ಮುಗಿದಿರಬೇಕು. ಹಿರಿಯರ ಪಂಚಾಯ್ತಿ, ಹಬ್ಬ ಆಗಲಿ, ಜಾತ್ರೆ ಆಗಲಿ, ಎಲೆಕ್ಷನ್ ಮುಗೀಲಿ ಅಂತ ಮುಂದೂಡ್ತಾ ಹೋದರೆ ಕೈತಪ್ಪುತ್ತೆ. ರಾಜಿ ಮಾತುಕತೆ ನಡೀಲಿ, ಅದರ ಜೊತೆಗೇ ಲಿಖಿತ ತಕರಾರು ಒಂದು ತಹಶೀಲ್ದಾರರಿಗೆ ಹೋಗಿರಲಿ, ಸ್ವೀಕೃತಿ ನಿಮ್ಮ ಹತ್ರ ಇರಲಿ.

ಕಾಲುದಾರಿ ಟ್ರ್ಯಾಕ್ಟರ್ ದಾರಿ ಆಗಲ್ಲ

ದಾರಿ ಕೇಳೋರು ಇದನ್ನೂ ಓದಬೇಕು. ಅದೇ 1882ರ ಕಾಯ್ದೆಯ ಕಲಂ 28ರ ಪ್ರಕಾರ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆ ಸೇರಿಕೊಳ್ಳೋದಿಲ್ಲ. ನಡೆದು ಹೋಗ್ತಿದ್ದ ಹಕ್ಕು ಇದ್ದರೆ ನಡೆದು ಹೋಗಬಹುದು. ಅದರ ಮೇಲೆ ಟ್ರ್ಯಾಕ್ಟರ್ ನುಗ್ಗಿಸಿದರೆ ಜಮೀನಿನವರು ತಡೆಯೋದು ನ್ಯಾಯವೇ. ಎಷ್ಟೋ ಜಗಳ ಇಲ್ಲೇ ಹುಟ್ಟೋದು. ಅಜ್ಜನ ಕಾಲದಲ್ಲಿ ಎತ್ತು ಹೊಡ್ಕೊಂಡು ಹೋದ ದಾರಿಯಲ್ಲಿ ಮೊಮ್ಮಗ ಲೋಡ್ ಟ್ರ್ಯಾಲಿ ತಂದರೆ ಎರಡು ಸಾಲು ಅಡಿಕೆ ಬೇರು ಹಾಳು.

ಹಾಗಿದ್ದಾಗ ಅಗಲ ಬೇಕು ಅಂದ್ರೆ ಮಾತಾಡಿ ಕೊಂಡುಕೊಳ್ಳೋದೇ ಒಳ್ಳೇದು. ಲೆಕ್ಕ ನೋಡಿ: ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1089 ಚದರ ಅಡಿ. 10 ಅಡಿ ಅಗಲ, 330 ಅಡಿ ಉದ್ದದ ದಾರಿಗೆ 3300 ಚದರ ಅಡಿ, ಅಂದ್ರೆ 3 ಗುಂಟೆ ಚಿಲ್ಲರೆ. ಗಡಿ ಬದುವಿನ ಎರಡೂ ಕಡೆಯಿಂದ 5 ಅಡಿ ಬಿಟ್ಟರೆ ಒಬ್ಬೊಬ್ಬರಿಗೆ ಒಂದೂವರೆ ಗುಂಟೆ. ಹಿಂದಿನ ನಾಲ್ಕೈದು ಜನ ಸೇರಿ ಅದರ ಬೆಲೆ ಕೊಟ್ಟರೆ ಕೋರ್ಟಿನ ಖರ್ಚಿಗಿಂತ ಕಡಿಮೆ. ಆದರೆ ಛಾಪಾ ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಪತ್ರದಲ್ಲಿ ಎರಡೂ ಸರ್ವೆ ನಂಬರ್, ಅಗಲ, ಉದ್ದ, ಯಾವ ದಿಕ್ಕು, ಯಾವ ವಾಹನ, ಪೈಪ್‌ಲೈನ್ ಮತ್ತು ಕರೆಂಟ್ ತಂತಿ ಹಾಕಬಹುದೋ ಇಲ್ಲವೋ ಎಲ್ಲ ಇರಬೇಕು. ಪಹಣಿಯ 11ನೇ ಕಾಲಂನಲ್ಲಿ ಇತರೆ ಹಕ್ಕುಗಳು ಅಂತ ಜಾಗ ಇದೆ, ಅಲ್ಲಿ ನಮೂದಿಗೆ ಕೇಳಿ. ಮನೆ ಭಾಗ ಆಗುವಾಗ, ಜಮೀನು ಮಾರುವಾಗ 11ಇ ನಕ್ಷೆಯಲ್ಲೇ ದಾರಿ ತೋರಿಸಿ ಅಂತ ಸರ್ವೇಯರಿಗೆ ಹೇಳಿ. ಆ ದಿನ ಹೇಳೋಕೆ ಸಂಕೋಚ ಪಟ್ಟು, ಹತ್ತು ವರ್ಷ ಆದ ಮೇಲೆ ತಮ್ಮನ ಮೇಲೇ ಕೇಸು ಹಾಕಿದವರು ಪ್ರತಿ ಊರಲ್ಲೂ ಸಿಗ್ತಾರೆ.

ಪಕ್ಕದ ಮಹಾರಾಷ್ಟ್ರದಲ್ಲಿ ಈ ವಿಷಯದಲ್ಲಿ ರೈತನಿಗೆ ಸ್ವಲ್ಪ ಹೆಚ್ಚು ಬಲ ಇದೆ. ಅಲ್ಲಿನ 1966ರ ಭೂಕಂದಾಯ ಸಂಹಿತೆಯ ಕಲಂ 143ರಲ್ಲಿ ದಾರಿಯಿಲ್ಲದ ಜಮೀನಿಗೆ ಗಡಿ ಬದುವಿನ ಮೇಲೆ ದಾರಿ ಕೊಡಿಸೋ ಅಧಿಕಾರ ತಹಶೀಲ್ದಾರರಿಗಿದೆ. ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯಿಂದ ಪ್ರತಿ ಕೌಂಟಿಯೂ ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕಾಶೆ ಮಾಡಬೇಕಾಯ್ತು. ಅದರಲ್ಲಿ ಗೆರೆ ಇದ್ದರೆ ಮುಗೀತು, ದಾರಿ ಇದೆ ಅನ್ನೋಕೆ ಬೇರೆ ಸಾಕ್ಷಿ ಬೇಡ. ಗೋಧಿ ಹೊಲದ ಮಧ್ಯೆಯೇ ಜನ ನಡೆದು ಹೋಗ್ತಾರೆ, ರೈತ ಉತ್ತ ಮೇಲೆ ದಾರಿ ಮತ್ತೆ ಬಿಡಿಸಿ ಕೊಡಬೇಕು. ನಮ್ಮಲ್ಲಿ ನಕಾಶೆ ಇದೆ, ಅದನ್ನು ತೆಗೆದು ನೋಡೋರು ಕಡಿಮೆ.

ಕೆರೆ ಅಂಚು ಯಾರದ್ದು?

ಈಗ ಹಸಿರು ಪಟ್ಟಿಗೆ ಬರೋಣ. ಬಸವಾಪಟ್ಟಣದವರಿಗೆ ಸೂಳೆಕೆರೆ ಬಗ್ಗೆ ಹೇಳಬೇಕಿಲ್ಲ. ಸಿದ್ದನಾಲೆ, ಬಸವನಾಲೆ ಎರಡೂ ಕಡೆಯ ಅಚ್ಚುಕಟ್ಟು, ಕುಡಿಯೋ ನೀರು, ಮೀನು ಎಲ್ಲ ಅದರ ಮೇಲೆ ನಿಂತಿದೆ. ಇಷ್ಟು ದೊಡ್ಡ ಕೆರೆಗೇ ಸರ್ವೆ ಮಾಡಿಸಿ, ಗಡಿ ಗುರುತಿಸಿ, ಒತ್ತುವರಿ ಬಿಡಿಸಿ ಅಂತ ಖಡ್ಗ ಸಂಘದವರು ವರ್ಷಗಟ್ಟಲೆ ಹೋರಾಡಬೇಕಾಯ್ತು ಅಂದ ಮೇಲೆ, ನಿಮ್ಮೂರಿನ ಹತ್ತು ಎಕರೆ ಕೆರೆ, ಅದಕ್ಕೆ ನೀರು ತರೋ ಹಳ್ಳದ ಗತಿ ಏನು?

ಕೆರೆ ಅಂಚು ಖಾಲಿ ಬಿಡೋದು ಅಂದಕ್ಕಲ್ಲ. ಮಳೆ ಜೋರಾದಾಗ ನೀರು ಹರಡೋಕೆ ಅದೇ ಜಾಗ. ಹುಲ್ಲು, ಪೊದೆ ಇದ್ದರೆ ಹೊಲದಿಂದ ಕೊಚ್ಚಿ ಬರೋ ಮಣ್ಣು ಅಲ್ಲೇ ನಿಲ್ಲುತ್ತೆ, ಹೂಳು ಕಡಿಮೆ. ದನ ಕುರಿ ಕೆರೆಗೆ ಇಳಿಯೋದೂ ಅಲ್ಲಿಂದಲೇ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಬಂದಾಗ ಕೆರೆ ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ ಅಂತ ಇತ್ತು. ಕೆರೆಯ ಗಾತ್ರ ನೋಡಿ ಈ ಅಂತರ ಕಡಿಮೆ ಮಾಡೋ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕು ಅನ್ನೋ ಈ ವಾದ ನನಗೆ ಒಪ್ಪಿಗೆ ಇಲ್ಲ. ಮೊದಲು ಮುಚ್ಚಿಹೋಗೋದೇ ಸಣ್ಣ ಕೆರೆ.

ಬೆಂಗಳೂರಿನ ಕಥೆ ಇಲ್ಲಿ ಪಾಠ. ಅಲ್ಲಿನ 2015ರ ಮಹಾಯೋಜನೆಯಲ್ಲಿ ರಾಜಕಾಲುವೆಗಳಿಗೆ ಮಧ್ಯದ ಗೆರೆಯಿಂದ 50, 25, 15 ಮೀಟರ್ ಅಂತ ಅಂಚು ಇಟ್ಟಿದ್ದರು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿ, ಕೆರೆಗಳಿಗೆ 75 ಮೀಟರ್ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಹಾಯೋಜನೆಯಲ್ಲಿ ಇರೋ ಅಂತರವನ್ನು ಆ ರೀತಿ ಬದಲಿಸೋಕೆ ಬರಲ್ಲ ಅಂತ. ಅಂದ್ರೆ ಯೋಜನೆ ಬರೆಯೋ ದಿನ ಏನು ಬರೀತಾರೋ ಅದೇ ಉಳಿಯೋದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಂಚಿನಲ್ಲಿ ಈಗ ಹೊಲಗಳು ಲೇಔಟ್ ಆಗ್ತಿವೆ. ಪಟ್ಟಣದ ಯೋಜನೆಯ ಕರಡು ಬಂದಾಗ ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟೇ ಕೊಡ್ತಾರೆ. ಅದನ್ನು ನೋಡೋರು ಸೈಟಿನವರು ಮಾತ್ರ. ಪಕ್ಕದ ಜಮೀನು ಭೂಪರಿವರ್ತನೆಗೆ ಹೋಗಿದೆ ಅಂತ ಗೊತ್ತಾದ ತಕ್ಷಣ ಗ್ರಾಮ ನಕಾಶೆ ತೆಗೆದು ಅದರೊಳಗೆ ದಾರಿ, ಹಳ್ಳ ಇದೆಯಾ ನೋಡಿ. ಇದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಲೇಔಟ್ ನಕ್ಷೆಗೆ ಒಪ್ಪಿಗೆ ಸಿಕ್ಕಿ, ಕಾಂಪೌಂಡ್ ಎದ್ದ ಮೇಲೆ ಹಿಂದಿನ ಹೊಲದವರಿಗೆ ದಾರಿ ಬಿಡಿಸೋದು ಬಹಳ ಕಷ್ಟ.

ಗೋಮಾಳ, ಗುಂಡುತೋಪು ಮತ್ತು ಗ್ರಾಮಸಭೆ

ಭೂಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಎಷ್ಟು ಊರಲ್ಲಿ ಇದೆ ಅಂತ ನೀವೇ ಲೆಕ್ಕ ಹಾಕಿ. ಬಗರ್‌ಹುಕುಂ ಬಡವರಿಗೆ ಜಮೀನು ಕೊಟ್ಟಿದೆ, ಅದನ್ನು ತೆಗಳೋದು ಸುಲಭ, ಸರಿಯಲ್ಲ. ಆದರೆ ಗೋಮಾಳ ಮಂಜೂರಾಗುವಾಗ ಅದರೊಳಗಿನ ದನದ ದಾರಿ, ಕೆರೆಗೆ ಇಳಿಯೋ ಜಾಗ ಬಿಟ್ಟು ಮಂಜೂರು ಮಾಡಿ ಅಂತ ಕೇಳೋರು ಇರಲಿಲ್ಲ. ಜಗಳೂರಿನ ಕಡೆ ಕುರಿ ಸಾಕೋರಿಗೆ ಇದು ಅಡಿಕೆ ಊರಿನವರಿಗಿಂತ ಹೆಚ್ಚು ಗೊತ್ತು.

ಸಾಮೂಹಿಕ ಜಾಗದ ಬಗ್ಗೆ ಕೋರ್ಟಿನ ಬಲ ಇದೆ. ಪಂಜಾಬಿನ ಒಂದು ಹಳ್ಳಿಯ ಕೆರೆ ಮುಚ್ಚಿ ಮನೆ ಕಟ್ಟಿದ ಕೇಸಿನಲ್ಲಿ, ಜಗಪಾಲ್ ಸಿಂಗ್ ಪ್ರಕರಣ ಅಂತಾರೆ, 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹಳ್ಳಿಯ ಸಾಮೂಹಿಕ ಜಾಗದ ಒತ್ತುವರಿ ತೆರವಿಗೆ ಯೋಜನೆ ಮಾಡಿ ಅಂತ ಹೇಳಿತು. ಅಷ್ಟು ವರ್ಷದಿಂದ ಅನುಭವದಲ್ಲಿದ್ದೀವಿ, ಅಷ್ಟು ಖರ್ಚು ಮಾಡಿದ್ದೀವಿ ಅನ್ನೋದು ಸಕ್ರಮಕ್ಕೆ ಕಾರಣ ಆಗಬಾರದು ಅಂತಲೂ ಹೇಳಿತು. ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಇದ್ದರೆ ಓದೋರು ಸ್ವಲ್ಪ ನೆಟ್ಟಗೆ ಕೂರ್ತಾರೆ.

ಹಸಿರು ಪಟ್ಟಿಗೆ ಗಟ್ಟಿ ಹೆಸರು ಕೊಟ್ಟು ಉಳಿಸಿದ ಊರೂ ನಮ್ಮ ರಾಜ್ಯದಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು, 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ಸುತ್ತ ವಿಮಾನ ನಿಲ್ದಾಣದ ಬಿಸಿಗೆ ಜಮೀನಿನ ರೇಟು ಏರಿದ ಕಡೆ ಅದು. 2002ರ ಜೀವವೈವಿಧ್ಯ ಕಾಯ್ದೆಯ ಕೆಳಗೆ ನಿಮ್ಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಕಾಗದದಲ್ಲಿ ಇದೆ. ಪಿಡಿಒ ಹತ್ರ ಸದಸ್ಯರ ಪಟ್ಟಿ ಕೇಳಿ, ಗುಂಡುತೋಪು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಇದೆಯಾ ನೋಡಿ.

ಗ್ರಾಮಸಭೆಯ ಠರಾವಿನಿಂದ ಯಾರಿಗೂ ಮಾಲೀಕತ್ವ ಬರಲ್ಲ. ಆದರೂ ಬರೆಸಿ. ದಾರಿಯ ಸರ್ವೆ ನಂಬರ್ ಸಮೇತ ಅಭಿವೃದ್ಧಿ ಯೋಜನೆಯಲ್ಲಿ ಸೇರಿದರೆ ಕಾಮಗಾರಿಗೆ ದುಡ್ಡು ಇಡಬಹುದು. ಉದ್ಯೋಗ ಖಾತರಿಯಲ್ಲಿ ಎಷ್ಟೋ ಪಂಚಾಯ್ತಿಗಳು ಹೊಲದ ದಾರಿ ಮಾಡಿಸಿವೆ. ಒಮ್ಮೆ ಜಲ್ಲಿ ಬಿದ್ದು ಪಂಚಾಯ್ತಿ ಆಸ್ತಿ ರಿಜಿಸ್ಟರಿನಲ್ಲಿ ಹತ್ತಿದ ದಾರಿಯನ್ನು ಉತ್ತು ಹಾಕೋ ಧೈರ್ಯ ಸುಲಭಕ್ಕೆ ಬರಲ್ಲ. ಸ್ವಂತ ಜಾಗ ಬಿಟ್ಟುಕೊಡೋ ರೈತರಿದ್ದರೆ ಬಾಯಿಮಾತಿನಲ್ಲಿ ಬಿಡಬೇಡಿ, ಪಂಚಾಯ್ತಿ ಹೆಸರಿಗೆ ದಾನಪತ್ರ ಆಗಲಿ. ಸಣ್ಣ ಕೆರೆ, ಅಂದ್ರೆ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರೋದು ಪಂಚಾಯತ್ ರಾಜ್ ಕಡೆಯದ್ದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದ್ದು. ಅರ್ಜಿ ತಪ್ಪು ಬಾಗಿಲಿಗೆ ಹೋದರೆ ಆರು ತಿಂಗಳು ವರ್ಗಾವಣೆಯಲ್ಲೇ ಕಳೆಯುತ್ತೆ. ನಾಲೆಯ ಏರಿ ಮೇಲಿನ ದಾರಿ ಬೇರೆ, ಅದು ನೀರಾವರಿ ನಿಗಮದ್ದು.

ಈ ವರ್ಷ ಅಡಿಕೆ ಸಸಿ ಹಾಕೋ ಯೋಚನೆ ಇರೋರು ಗುಂಡಿ ತೆಗೆಸೋ ಮುಂಚೆ ಹದ್ದುಬಸ್ತು ಮಾಡಿಸಿ, ದಾರಿ ಇರೋ ಕಡೆ ಬಿಟ್ಟು ಮೊದಲ ಸಾಲು ಹಿಡೀರಿ. ಹಿಂದಿನ ಜಮೀನಿನವರೂ ಈಗಲೇ ಮಾತಾಡಿ. ಬೇಸಿಗೆಯಲ್ಲಿ ಹೊಲ ಖಾಲಿ ಇರುವಾಗ ಸರಪಳಿ ಎಳೆಯೋದು ಸುಲಭ, ಬಾಂದು ಕಲ್ಲು ಕಾಣುತ್ತೆ. ಮಳೆ ಬಿದ್ದು ನಾಟಿ ಶುರುವಾದ ಮೇಲೆ ಸರ್ವೇಯರ್ ಬಂದರೂ ಬೆಳೆ ನೋಡಿ ವಾಪಸ್ ಹೋಗ್ತಾರೆ, ಮುಂದಿನ ದಿನಾಂಕ ಸಂಕ್ರಾಂತಿ ಕಳೆದ ಮೇಲೇ.